ಆಸ್ಪತ್ರೆ ಖರ್ಚು, ಮನೆಯ ಸಾಲ, ದೇಶದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದೆ. ನಿವೃತ್ತಿಯಾದ ಮೇಲೆ ಸ್ವಸಹಾಯ ಸಂಘಗಳಲ್ಲಿ, ರೈತರ ಸಭೆಗಳಲ್ಲಿ, ಕಾಲೇಜುಗಳಲ್ಲಿ ಮನೆಯ ಹಣಕಾಸಿನ ಬಗ್ಗೆ ಮಾತಾಡಲು ಕರೆಯುತ್ತಾರೆ. ಮಾತು ಎಲ್ಲಿಂದ ಶುರುವಾದರೂ ಪ್ರಶ್ನೆಗಳು ಆಸ್ಪತ್ರೆ ಬಿಲ್ಲಿಗೇ ಬಂದು ನಿಲ್ಲುತ್ತವೆ. ಸಭೆಗಳಲ್ಲಿ, ಫೋನಿನಲ್ಲಿ, ಕಾಗದಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಜೋಡಿಸಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಆಸ್ಪತ್ರೆ ಖರ್ಚು ಏರಿದೆ ಅಂತ ಎಲ್ಲರೂ ಅಂತಾರೆ. ಇಡೀ ದೇಶದ ಲೆಕ್ಕದಲ್ಲಿ ಅದು ಎಷ್ಟು?

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ಭಾರತ ಆರೋಗ್ಯಕ್ಕಾಗಿ ಒಟ್ಟು ಸುಮಾರು 9.04 ಲಕ್ಷ ಕೋಟಿ ರೂಪಾಯಿ ಖರ್ಚು ಮಾಡಿತು. ದೇಶದ ಒಟ್ಟು ಉತ್ಪನ್ನದ, ಅಂದರೆ ಜಿಡಿಪಿಯ, ಶೇ. 3.83. ತಲೆಗೆ 6,602 ರೂಪಾಯಿ. ಸರ್ಕಾರ, ಜನ, ವಿಮಾ ಕಂಪನಿ, ಉದ್ಯೋಗ ಕೊಟ್ಟವರು, ಎಲ್ಲರೂ ಕೊಟ್ಟದ್ದು ಇದರಲ್ಲಿ ಸೇರಿದೆ.

ಶ್ರೀಮಂತ ದೇಶಗಳ ಪಕ್ಕ ಇಟ್ಟರೆ ಈ ಮೊತ್ತ ಚಿಕ್ಕದು. ಹಾಗಾಗಿ ‘ನಮ್ಮದು ದೊಡ್ಡ ಸಮಸ್ಯೆಯೇ ಅಲ್ಲ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಖರ್ಚು ಏರಿದಾಗ ಮೊದಲು ನಲುಗುವುದು ಸರ್ಕಾರದ ಬೊಕ್ಕಸ, ವಿಮೆಯ ಕಂತು. ಇಲ್ಲಿ ಮೊದಲು ಕರಗುವುದು ಮನೆಯ ಕಪಾಟಿನ ಬಂಗಾರ, ಕೊಟ್ಟಿಗೆಯ ಹಸು, ಮಕ್ಕಳ ಫೀಸಿಗೆಂದು ಎತ್ತಿಟ್ಟ ದುಡ್ಡು. ಒಟ್ಟು ಮೊತ್ತ ಎಷ್ಟು ಎಂಬುದಕ್ಕಿಂತ ಅದು ಯಾರ ಜೇಬಿನಿಂದ, ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂಬುದು ಮುಖ್ಯ.

ಜನ ಕೈಯಿಂದ ಕೊಡೋದು ಕಡಿಮೆಯಾಗಿದೆ ಅಂತ ಪೇಪರಲ್ಲಿ ಬಂತು. ನಮ್ಮ ಮನೇಲಿ ಹಂಗೆ ಕಾಣಲ್ವಲ್ಲ?

ಪೇಪರಿನಲ್ಲಿ ಬಂದದ್ದು ಸುಳ್ಳಲ್ಲ. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಕೊಡುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ಕ್ಕೆ ಶೇ. 39.4ಕ್ಕೆ ಇಳಿಯಿತು. ಅದೇ ವರ್ಷ ಸರ್ಕಾರಗಳ ಪಾಲು ಶೇ. 48ಕ್ಕೆ ಏರಿತು. ಅದು ಕೋವಿಡ್ ಲಸಿಕೆಯ ಕಾಲ, ಸರ್ಕಾರಗಳು ಎಂದಿಗಿಂತ ಹೆಚ್ಚು ಖರ್ಚು ಮಾಡಿದ ವರ್ಷ ಎಂಬುದನ್ನೂ ನೆನಪಿಡಬೇಕು.

ಪಾಲು ಇಳಿದ ಮಾತ್ರಕ್ಕೆ ಮೊತ್ತ ಇಳಿಯಿತು ಎಂದಲ್ಲ. ಶೇ. 39 ಎಂದರೂ ಸುಮಾರು ಮೂರೂವರೆ ಲಕ್ಷ ಕೋಟಿ ರೂಪಾಯಿ. ಜೊತೆಗೆ ಇದು ಸರಾಸರಿ. ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಆ ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತದೆ, ಹತ್ತನೆಯ ಮನೆಯವರು ಮೂರು ಲಕ್ಷ ಕಟ್ಟಿದರೆ ಸರಾಸರಿ ಮೂವತ್ತು ಸಾವಿರ. ಆ ಮೂವತ್ತು ಸಾವಿರ ಯಾರ ಮನೆಯ ಕಥೆಯೂ ಅಲ್ಲ.

ಟಿವಿ, ಮೊಬೈಲ್ ಎಲ್ಲಾ ಅಗ್ಗ ಆಗ್ತಾ ಬಂತು. ಆಸ್ಪತ್ರೆ ಮಾತ್ರ ಯಾಕೆ ದುಬಾರಿ ಆಗ್ತಾನೇ ಹೋಗುತ್ತೆ?

ಯಕ್ಷಗಾನದ ಮೇಳವನ್ನು ನೆನಪಿಸಿಕೊಳ್ಳಿ. ನೂರು ವರ್ಷದ ಹಿಂದೆ ರಾತ್ರಿಯಿಡೀ ಆಟ ಆಡಿಸಲು ಭಾಗವತರು, ಮದ್ದಳೆ, ಚೆಂಡೆ, ಇಷ್ಟು ಮಂದಿ ವೇಷಧಾರಿಗಳು ಬೇಕಿತ್ತು. ಇವತ್ತೂ ಬೇಕು. ಅರ್ಧ ಜನರಲ್ಲಿ ಅದೇ ಆಟ ಮುಗಿಸಲು ಆಗುವುದಿಲ್ಲ. ಆದರೆ ಕಲಾವಿದರಿಗೆ ಹಳೆಯ ಕಾಲದ ಸಂಬಳ ಕೊಟ್ಟರೆ ನಡೆಯುತ್ತದೆಯೇ? ಹೊರಗೆ ಎಲ್ಲರ ಸಂಪಾದನೆ ಏರಿದಂತೆ ಅವರದ್ದೂ ಏರಬೇಕು. ಹಾಗಾಗಿ ಆಟದ ಖರ್ಚು ಏರುತ್ತಲೇ ಹೋಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೊಲ್ 1960ರ ದಶಕದಲ್ಲಿ ಸಂಗೀತ ಕಛೇರಿಯ ಉದಾಹರಣೆ ಇಟ್ಟುಕೊಂಡು ಇದನ್ನೇ ವಿವರಿಸಿದರು. ಒಬ್ಬ ನರ್ಸ್ ಒಂದು ಪಾಳಿಯಲ್ಲಿ ನೋಡಿಕೊಳ್ಳಬಲ್ಲ ರೋಗಿಗಳ ಸಂಖ್ಯೆಯನ್ನು ಕಾರ್ಖಾನೆಯ ಉತ್ಪಾದನೆಯ ಹಾಗೆ ಹತ್ತು ಪಟ್ಟು ಮಾಡಲು ಬರುವುದಿಲ್ಲ.

ಇದರ ಮೇಲೆ ಹೊಸ ಯಂತ್ರ, ಹೊಸ ಔಷಧಿ, ಹೆಚ್ಚುತ್ತಿರುವ ವಯಸ್ಸಾದವರ ಸಂಖ್ಯೆ, ಮತ್ತು ಸಕ್ಕರೆ ಕಾಯಿಲೆ, ಬಿಪಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜು ಮಾಡಿತು. ಜ್ವರದ ಹಾಗೆ ಒಂದು ವಾರಕ್ಕೆ ಬಿಟ್ಟುಹೋಗುವ ಖರ್ಚಲ್ಲ ಇದು.

## ಮನೆ, ತೋಟ, ಸಾಲ

ಸಾರ್, ನಮ್ಮೂರಲ್ಲಿ ಬೆಳೆ ಸಾಲ ತಗೊಂಡು ಆಸ್ಪತ್ರೆಗೆ ಕಟ್ಟಿದೋರೇ ಜಾಸ್ತಿ. ಇದರಿಂದ ದೇಶಕ್ಕೇನು ನಷ್ಟ?

ಸಂಘದ ಕೌಂಟರಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಂದು ಮೇ ತಿಂಗಳು. ಎರಡು ಎಕರೆ ಅಡಿಕೆ ತೋಟದ ಮನೆಯ ಹೆಂಗಸು ಕರವಸ್ತ್ರದ ಗಂಟು ಬಿಚ್ಚಿ ನಾಲ್ಕು ಬಳೆ ಮೇಜಿನ ಮೇಲಿಟ್ಟರು. ಸರಾಫರು ಒಂದೊಂದನ್ನೇ ಒರೆಗಲ್ಲಿಗೆ ಉಜ್ಜಿ, ತೂಗಿ, ಚೀಟಿ ಬರೆದುಕೊಟ್ಟರು. ಯಜಮಾನರನ್ನು ಹಿಂದಿನ ರಾತ್ರಿಯೇ ಘಟ್ಟ ಇಳಿಸಿ ದೊಡ್ಡಾಸ್ಪತ್ರೆಗೆ ಸೇರಿಸಿದ್ದರು. ಅರ್ಜಿಯಲ್ಲಿ ‘ಸಾಲದ ಉದ್ದೇಶ’ ಎಂಬ ಕಾಲಂ ಇರುತ್ತದೆ. ಬೇಸಾಯ ಎಂದು ಬರೆದರೆ ಬಡ್ಡಿ ಕಡಿಮೆ. ನಾನೇ ನನ್ನ ಕೈಯಾರೆ ‘ಕೃಷಿ ಖರ್ಚು’ ಎಂದು ಬರೆದೆ.

ಮಳೆಗಾಲ ಹಿಡಿಯುವ ಮುಂಚೆ, ಕೊಳೆ ರೋಗ ಬಾರದಂತೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗಾರನ ಕೂಲಿ, ಎಲ್ಲಕ್ಕೂ ಕೈಯಲ್ಲಿ ದುಡ್ಡಿರಬೇಕು. ಆ ವರ್ಷ ಅವರ ಮನೆಯಲ್ಲಿ ದುಡ್ಡೂ ಇರಲಿಲ್ಲ, ನಿಂತು ಮಾಡಿಸುವ ಯಜಮಾನರೂ ಇರಲಿಲ್ಲ. ಆಷಾಢದಲ್ಲಿ ಕೊಳೆ ಬಂತು. ಕಾಯಿ ಉದುರಿ ಮರದ ಬುಡದಲ್ಲಿ ಬಿದ್ದಿತ್ತು. ಆಸ್ಪತ್ರೆಯ ಬಿಲ್ಲು ಒಂದೇ ಸಲದ್ದು. ಆದರೆ ಬೆಳೆ ಹೋದದ್ದರಿಂದ ಬಳೆ ಬಿಡಿಸಿಕೊಳ್ಳಲು ಆಗಲಿಲ್ಲ, ಮಗನ ಡಿಪ್ಲೊಮಾ ಒಂದು ವರ್ಷ ಮುಂದೆ ಹೋಯಿತು.

ದೇಶಕ್ಕೆ ನಷ್ಟ ಎಂದರೆ ಇದೇ. ಹೂಡಿಕೆಯಾಗಬೇಕಿದ್ದ ದುಡ್ಡು ಬಿಲ್ಲಾಗುತ್ತದೆ. ತೋಟದ ಇಳುವರಿ, ಮಗನ ಓದು, ಅಂಗಡಿಯ ಸರಕು, ಇವೆಲ್ಲ ನಾಳೆಯ ಆದಾಯದ ಬೀಜಗಳು. ಬಿತ್ತನೆಯ ಬೀಜವನ್ನೇ ಅಕ್ಕಿ ಮಾಡಿಸಿ ತಿಂದ ಹಾಗೆ ಆಗುತ್ತದೆ. ಇನ್ನೊಂದು ನಷ್ಟ ಲೆಕ್ಕದ್ದು. ಕಡತದಲ್ಲಿ ಅದು ಕೃಷಿ ಸಾಲ. ಸಾಲ ಕಟ್ಟದಿದ್ದಾಗ ‘ಬೇಸಾಯ ನಷ್ಟ’ ಎಂದು ತೀರ್ಮಾನಿಸಿ ಮೇಲಿನವರು ಬಡ್ಡಿ ಮನ್ನಾ, ಸಾಲ ಮನ್ನಾ ಎಂದು ಯೋಚಿಸುತ್ತಾರೆ. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ (2017-18) ಒಮ್ಮೆ ಆಸ್ಪತ್ರೆ ಸೇರಿದರೆ ಆಗುವ ಸರಾಸರಿ ಖರ್ಚು, ಹೆರಿಗೆ ಬಿಟ್ಟು, ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಎಂದು ಕಂಡಿತು. ಹಳ್ಳಿಗಳಲ್ಲಿ ಶೇ. 80ರಷ್ಟು ಕುಟುಂಬಗಳು ಮುಖ್ಯವಾಗಿ ಆದಾಯ, ಉಳಿತಾಯದಿಂದ ಕಟ್ಟಿದ್ದವು, ಶೇ. 13ರಷ್ಟು ಸಾಲ ಮಾಡಿದ್ದವು. ಬೇಸಾಯದ ಹೆಸರಲ್ಲಿ ತೆಗೆದ ಸಾಲವನ್ನು ‘ಉಳಿತಾಯದ ದುಡ್ಡು’ ಎಂದು ಹೇಳಿದವರು ಅದರಲ್ಲಿ ಎಷ್ಟಿದ್ದರೋ ಎಂದು ನಾನು ಪ್ರತಿಸಲ ಯೋಚಿಸುತ್ತೇನೆ.

ದೊಡ್ಡ ಆಪರೇಷನ್ ಬಂದ್ರೆ ಮಾತ್ರ ಮನೆ ಮುಳುಗೋದು, ಅಲ್ವಾ?

ಇಲ್ಲ. ಹೆಚ್ಚಿನ ಮನೆಗಳನ್ನು ಸವೆಸುವುದು ಮೆಡಿಕಲ್ ಸ್ಟೋರಿನ ತಿಂಗಳ ಚೀಟಿ. ಜನ ಕೈಯಿಂದ ಕೊಡುವ ದುಡ್ಡಿನಲ್ಲಿ ಬಹುಪಾಲು ಹೋಗುವುದು ಔಷಧಿಗೆ. ಅತ್ತೆಗೆ ಬಿಪಿ, ಮಾವನಿಗೆ ಸಕ್ಕರೆ ಕಾಯಿಲೆ, ಇಬ್ಬರಿಗೂ ಮಾತ್ರೆ ಎಂದರೆ ಮನೆಗೆ ಇನ್ನೊಂದು ಕರೆಂಟ್ ಬಿಲ್ ಬಂದ ಹಾಗೆ, ಅದು ಎಂದೂ ನಿಲ್ಲುವುದಿಲ್ಲ. ದುಡ್ಡು ಬಿಗಿಯಾದ ತಿಂಗಳು ಮೊದಲು ನಿಲ್ಲುವುದು ಈ ಮಾತ್ರೆಯೇ. ಎರಡು ವರ್ಷ ಹೀಗೆ ನಡೆದರೆ ಲಕ್ವ ಹೊಡೆಯಬಹುದು, ಕಿಡ್ನಿ ಕೆಡಬಹುದು. ಆಗ ದೊಡ್ಡ ಬಿಲ್ಲು.

ಖರ್ಚಿಗೆ ಹೆದರಿ ಆಸ್ಪತ್ರೆಗೇ ಹೋಗದಿದ್ರೆ ಆ ದುಡ್ಡು ಉಳೀತಲ್ಲ?

ಖರ್ಚಿನ ಲೆಕ್ಕದಲ್ಲಿ ಉಳಿಯುತ್ತದೆ, ದುಡಿಮೆಯ ಲೆಕ್ಕದಲ್ಲಿ ಹೋಗುತ್ತದೆ. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ್ದು. ಅದರ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ, ಜನ ದರಗು (ಒಣ ಎಲೆ) ತರಲು ಕಾಡಿಗೆ ಹೋಗುವ ಕಾಲವೂ ಅದೇ. ಜ್ವರ ಹಿಡಿದ ಕೂಲಿಯವರು ವಾರಗಟ್ಟಲೆ ಏಳುವುದಿಲ್ಲ, ಅವರನ್ನು ನೋಡಿಕೊಳ್ಳಲು ಮನೆಯ ಇನ್ನೊಬ್ಬರು ಕೆಲಸ ಬಿಡುತ್ತಾರೆ. ಈ ಎರಡು ಕೂಲಿ ಯಾವ ಆರೋಗ್ಯ ಲೆಕ್ಕಪತ್ರದಲ್ಲೂ ಬರುವುದಿಲ್ಲ.

## ಸಂಬಳ ಮತ್ತು ಕಂಪನಿ ವಿಮೆ

ನಾನು ಬೆಂಗಳೂರಲ್ಲಿ ಐಟಿ ಕಂಪನಿಯಲ್ಲಿದ್ದೀನಿ. ವಿಮೆ ಕಂಪನಿದೇ. ಖರ್ಚು ಏರಿದ್ರೆ ನನಗೇನು?

ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚನ್ನು ಒಂದು ಗಂಟು ಎಂದುಕೊಳ್ಳಿ. ಅದರಲ್ಲಿ ಸಂಬಳವೂ ಇದೆ, ವಿಮೆಯ ಕಂತೂ ಇದೆ. ಕಂತು ವರ್ಷ ವರ್ಷ ಏರಿದರೆ ಸಂಬಳ ಏರಿಸಲು ಉಳಿಯುವುದು ಕಡಿಮೆ. ಇಲ್ಲವೇ ತಂದೆ-ತಾಯಿಯ ಹೆಸರು ಪಾಲಿಸಿಯಿಂದ ಬಿಡುತ್ತಾರೆ, ಅಥವಾ ಅವರ ಕಂತನ್ನು ನಿಮ್ಮ ಸಂಬಳದಿಂದ ಹಿಡಿಯುತ್ತಾರೆ. ಚೆಕ್ ಬರೆಯುವುದು ಕಂಪನಿ, ಹಣ ನಿಮ್ಮದೇ.

ಅಮೆರಿಕದಲ್ಲಿ ಇಷ್ಟು ಸಂಬಳ ಇದ್ರೂ ನಮ್ಮೋರು ಹಲ್ಲು ತೋರಿಸೋಕೆ ಊರಿಗೆ ಬಂದಾಗ ಕಾಯ್ತಾರಲ್ಲ, ಯಾಕೆ?

ಅಲ್ಲಿನ ಕಥೆ ನಮಗೆ ಎಚ್ಚರಿಕೆಯ ಪಾಠ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಸಂಬಳ ಏರಿಸಬಾರದೆಂದು ಅಮೆರಿಕ ಸರ್ಕಾರ ಮಿತಿ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. ಮುಂದೆ ತೆರಿಗೆ ವಿನಾಯಿತಿಯೂ ಸೇರಿ ಅದೇ ಪದ್ಧತಿಯಾಗಿ ಬೇರುಬಿಟ್ಟಿತು. 1960ರಲ್ಲಿ ಅವರ ಆರೋಗ್ಯ ವೆಚ್ಚ ಜಿಡಿಪಿಯ ಶೇ. 5ರ ಆಸುಪಾಸು ಇತ್ತು, 2023ರಲ್ಲಿ ಶೇ. 17.6, ಸುಮಾರು 4.9 ಲಕ್ಷ ಕೋಟಿ ಡಾಲರ್. ಕಂಪನಿ ಮೂಲಕ ಕೊಡುವ ಕುಟುಂಬ ವಿಮೆಯ ಸರಾಸರಿ ಕಂತು 2024ರಲ್ಲಿ ವರ್ಷಕ್ಕೆ 25,572 ಡಾಲರ್. ಅಷ್ಟು ಕಟ್ಟಿದರೂ ಹಲ್ಲಿನ ಚಿಕಿತ್ಸೆ ಸಾಮಾನ್ಯವಾಗಿ ಬೇರೆ ಪಾಲಿಸಿ. ಕೆಲಸ ಹೋದರೆ ವಿಮೆಯೂ ಹೋಗುತ್ತದೆಂಬ ಭಯಕ್ಕೆ ಜನ ಒಗ್ಗದ ಕೆಲಸಕ್ಕೇ ಅಂಟಿಕೊಳ್ಳುತ್ತಾರೆ, ಸ್ವಂತ ಉದ್ಯೋಗಕ್ಕೆ ಕೈಹಾಕಲು ಹಿಂಜರಿಯುತ್ತಾರೆ. ಅದೂ ಆರ್ಥಿಕ ನಷ್ಟವೇ.

ಸಂಬಳ ಸ್ವಲ್ಪ ಜಾಸ್ತಿ ಆಯ್ತು ಅಂತ ಇಎಸ್‌ಐ ಹೋಯ್ತು. ಇದು ನ್ಯಾಯಾನಾ?

ಇಎಸ್‌ಐ ಎಂದರೆ ಕಡಿಮೆ ಸಂಬಳದ ನೌಕರರಿಗೆ ಇರುವ ಸರ್ಕಾರಿ ವಿಮೆ. ಅದಕ್ಕೆ ಸೇರಲು ಸಂಬಳದ ಮಿತಿ 2017ರಿಂದ ತಿಂಗಳಿಗೆ 21,000 ರೂಪಾಯಿ. ನೌಕರರ ವಂತಿಗೆ ಶೇ. 0.75, ಮಾಲೀಕರದ್ದು ಶೇ. 3.25. 22,000 ಸಂಬಳದ ಗಾರ್ಮೆಂಟ್ಸ್ ಸೂಪರ್‌ವೈಸರ್‌ಗೆ ಕಾಯಿಲೆ ಬಂದರೆ ಸಂಬಳ ಏರಿದ್ದೇ ಶಿಕ್ಷೆಯಾಗುತ್ತದೆ. ಆಸ್ಪತ್ರೆಯ ದರ ಏರುತ್ತಿರುವಾಗ ಈ ಮಿತಿ ನಿಂತಲ್ಲೇ ನಿಂತಿರುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

## ಸರ್ಕಾರ, ಕಾರ್ಡು, ಬೆಲೆ ಮಿತಿ

ಆಯುಷ್ಮಾನ್ ಕಾರ್ಡಿದೆ, 5 ಲಕ್ಷದವರೆಗೆ ಫ್ರೀ. ಇನ್ನೇನು ಚಿಂತೆ?

ಕಾರ್ಡು ದೊಡ್ಡ ಆಸರೆ, ಅನುಮಾನವಿಲ್ಲ. ಕರ್ನಾಟಕ ಈ ದಾರಿಯಲ್ಲಿ ಮೊದಲೇ ನಡೆದ ರಾಜ್ಯ. 2003ರಲ್ಲಿ ಸಹಕಾರಿಗಳಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ಸಹಕಾರ ಸಂಘದ ಸದಸ್ಯರಿಂದ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ವಸೂಲಿ ಮಾಡುತ್ತಿದ್ದೆವು. ‘ನನಗೆ ಕಾಯಿಲೆನೇ ಇಲ್ಲ, ಯಾಕೆ ಕಟ್ಟಲಿ’ ಎಂದು ಜಗಳ ಆಡಿದವರೇ ಮರುವರ್ಷ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದು ಕೈಮುಗಿದದ್ದನ್ನು ನೋಡಿದ್ದೇನೆ. 2010ರಲ್ಲಿ ಕಲಬುರಗಿ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರ್ಪಡೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ (ಪ್ಯಾಕೇಜ್ ದರ) ಶೇ. 30, ಗರಿಷ್ಠ ಒಂದೂವರೆ ಲಕ್ಷ.

ಆದರೆ ಈ ಕಾರ್ಡು ಕೆಲಸ ಮಾಡುವುದು ಮುಖ್ಯವಾಗಿ ದಾಖಲಾದ ಮೇಲೆ. ಮೇಲೆ ಹೇಳಿದ ತಿಂಗಳ ಮಾತ್ರೆ, ಹೊರರೋಗಿಯಾಗಿ ಮಾಡಿಸುವ ರಕ್ತಪರೀಕ್ಷೆ, ಓಡಾಟದ ಖರ್ಚು ಇದರಲ್ಲಿ ಬರುವುದಿಲ್ಲ. ಎಪಿಎಲ್ ಕಾರ್ಡಿನ ಸಣ್ಣ ಹಿಡುವಳಿದಾರರು, ಚಿಕ್ಕ ಅಂಗಡಿಯವರು ಬಡವರೂ ಅಲ್ಲದೆ ಉಳ್ಳವರೂ ಅಲ್ಲದೆ ನಡುವೆ ಸಿಕ್ಕಿಕೊಳ್ಳುತ್ತಾರೆ. ನಮ್ಮ ಸಂಘದಲ್ಲಿ ಬಂಗಾರ ಇಟ್ಟವರಲ್ಲಿ ಹೆಚ್ಚಿನವರು ಇಂಥವರೇ.

ಸರ್ಕಾರ ಆರೋಗ್ಯಕ್ಕೇ ಎಲ್ಲಾ ಸುರಿದ್ರೆ ರಸ್ತೆ, ಶಾಲೆಗೆ ದುಡ್ಡೆಲ್ಲಿಂದ ಬರುತ್ತೆ?

ನ್ಯಾಯವಾದ ಪ್ರಶ್ನೆ. ಸಂವಿಧಾನದ ಪ್ರಕಾರ ಆರೋಗ್ಯ ರಾಜ್ಯಪಟ್ಟಿಯ ವಿಷಯ, ಹೊರೆ ಹೆಚ್ಚು ಬೀಳುವುದು ರಾಜ್ಯದ ಮೇಲೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಿ ವೆಚ್ಚ ಜಿಡಿಪಿಯ ಶೇ. 2.5 ಆಗಬೇಕೆಂದು ಗುರಿ ಇಟ್ಟಿತ್ತು. 2021-22ರಲ್ಲಿ ಅದು ಶೇ. 1.84. ಅಂದರೆ ‘ಎಲ್ಲಾ ಸುರಿಯುವ’ ಸ್ಥಿತಿಯ ಹತ್ತಿರವೂ ನಾವಿಲ್ಲ.

ಸರ್ಕಾರ ಕೊಡದಿದ್ದರೆ ಆ ಖರ್ಚು ಮಾಯವಾಗುವುದಿಲ್ಲ, ಕಾಯಿಲೆ ಬಿದ್ದವರ ಮನೆಗೆ ವರ್ಗವಾಗುತ್ತದೆ. ತೆರಿಗೆಯಲ್ಲಿ ಹಂಚಿಕೊಂಡರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ. ಹಂಚಿಕೊಳ್ಳದಿದ್ದರೆ ಕೆಲವರಿಗೆ ಪೂರ್ತಿ. ದುಡ್ಡನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುತ್ತಾರೆ. ಘಟ್ಟದ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಕಳೆದುಹೋಗುವ ಹೊತ್ತು ಎಷ್ಟು ಬೆಲೆಬಾಳುತ್ತದೆಂದು ಮಲೆನಾಡಿನವರನ್ನು ಕೇಳಿ. ನಲವತ್ತೈದರ ದುಡಿಯುವ ಮನುಷ್ಯ ಉಳಿದರೆ ಅವನ ಮುಂದಿನ ಹದಿನೈದು ವರ್ಷದ ದುಡಿಮೆಯೂ ಉಳಿಯಿತು.

ಸ್ಟೆಂಟಿಗೆ ಹಾಕಿದ ಹಾಗೆ ಎಲ್ಲಕ್ಕೂ ಬೆಲೆ ಮಿತಿ ಹಾಕಿದ್ರೆ ಮುಗೀತಲ್ಲ?

ಸ್ಟೆಂಟ್ ಎಂದರೆ ಹೃದಯದ ರಕ್ತನಾಳ ಮುಚ್ಚದಂತೆ ಒಳಗಿಡುವ ಸಣ್ಣ ಕೊಳವೆ. 2017ರ ಫೆಬ್ರುವರಿಯಲ್ಲಿ ಔಷಧಿ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿ, ಸಾದಾ ಸ್ಟೆಂಟಿಗೆ 7,260 ರೂಪಾಯಿ ಮಿತಿ ಬಂತು. ಅದಕ್ಕೂ ಮುಂಚೆ ಲೇಪಿತ ಸ್ಟೆಂಟು ಒಂದು ಲಕ್ಷ ದಾಟುತ್ತಿತ್ತು. ಅದೇ ಆಗಸ್ಟಿನಲ್ಲಿ ಕೃತಕ ಮಂಡಿಗೂ ಮಿತಿ ಬಂತು. ಇವು ಒಳ್ಳೆಯ ಕ್ರಮಗಳು. ವಸ್ತುವಿಗೆ ಬೆಲೆ ಕಟ್ಟಬಹುದು. ಚಿಕಿತ್ಸೆ ವಸ್ತುವಲ್ಲ. ಒಂದರ ಬೆಲೆ ಒತ್ತಿದರೆ ರೂಮು, ಪರೀಕ್ಷೆ, ವೈದ್ಯರ ಭೇಟಿ ಎಂದು ಬಿಲ್ಲು ಬೇರೆ ಸಾಲಿನಲ್ಲಿ ಉಬ್ಬಬಹುದು.

ಕರ್ನಾಟಕದಲ್ಲಿ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ವೈದ್ಯರ ಮುಷ್ಕರ ನಡೆಯಿತು, ಕೊನೆಗೆ ಬಂದ ಕಾಯ್ದೆ ಮೊದಲ ಕರಡಿಗಿಂತ ಮೆತ್ತಗಾಗಿತ್ತು. ಬೆಲೆಯನ್ನು ಹಿಡಿದಿಡುವ ಇನ್ನೊಂದು ದಾರಿ ಜನ ನಂಬುವ ಸರ್ಕಾರಿ ಆಸ್ಪತ್ರೆ ಪಕ್ಕದಲ್ಲೇ ಇರುವುದು. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ ಇರುವುದರಿಂದ ಬೆಂಗಳೂರಿಗೆ ಹೋದವರಿಗೆ ‘ಇಲ್ಲಿ ಆಗದಿದ್ದರೆ ಅಲ್ಲಿ’ ಎನ್ನುವ ದಾರಿ ಇದೆ. ಆ ದಾರಿ ಪ್ರತಿ ಜಿಲ್ಲೆಯಲ್ಲೂ ಬೇಕು.

ವಿಮೆ ಮೇಲಿನ ಜಿಎಸ್‌ಟಿ ತೆಗೆದ್ರಲ್ಲ, ಇನ್ನು ಅಗ್ಗ ಆಗುತ್ತಾ?

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ತೆರಿಗೆ ಹೋಯಿತು. ಒಂದು ಸಲಕ್ಕೆ ಕಂತು ಇಳಿಯುತ್ತದೆ. ಆದರೆ ಮೂಲ ಕಂತು ಏರುವುದು ಚಿಕಿತ್ಸೆಯ ದರದಿಂದ, ಅದು ನಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತೇವೆ.

## ಇನ್ನೂ ಆಳಕ್ಕೆ

ಆಸ್ಪತ್ರೆಗಳು ಬೆಳೆದ್ರೆ ಉದ್ಯೋಗ ಬೆಳೆಯುತ್ತೆ, ಜಿಡಿಪಿ ಏರುತ್ತೆ. ಹಾಗಾದ್ರೆ ಖರ್ಚು ಏರೋದು ಒಳ್ಳೇದೇ ಅಲ್ವಾ?

ಅರ್ಧ ನಿಜ. ಮಣಿಪಾಲ, ಮಂಗಳೂರಿನ ಸುತ್ತ ನೋಡಿದರೆ ಆಸ್ಪತ್ರೆ, ವೈದ್ಯಕೀಯ ಕಾಲೇಜು, ನರ್ಸಿಂಗ್ ಶಾಲೆ, ಲ್ಯಾಬು, ವಸತಿಗೃಹ, ಊಟದ ಹೋಟೆಲು, ಆಟೋ, ಎಷ್ಟೊಂದು ಸಂಸಾರ ನಡೆಯುತ್ತಿದೆ. ಇದನ್ನು ಅಲ್ಲಗಳೆಯಲಾರೆ. ಆದರೆ ಜಿಡಿಪಿ ಬಿಲ್ಲನ್ನು ಎಣಿಸುತ್ತದೆ, ಬಿಲ್ಲು ಕಟ್ಟಲು ಮಾರಿದ ಹಸುವನ್ನು ಎಣಿಸುವುದಿಲ್ಲ. ಬೇಕಾದ ಚಿಕಿತ್ಸೆಗೆ ಸರಿಯಾದ ಬೆಲೆ ಕೊಟ್ಟಾಗ ಖರ್ಚು ಆರೋಗ್ಯವಾಗುತ್ತದೆ, ಆರೋಗ್ಯ ದುಡಿಮೆಯಾಗುತ್ತದೆ. ಅದೇ ಚಿಕಿತ್ಸೆಗೆ ಎರಡು ಪಟ್ಟು ಕೊಟ್ಟರೆ ದುಡ್ಡು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೆ.

ಒಂದೇ ರಸ್ತೇಲಿ ಐದು ಆಸ್ಪತ್ರೆ ಇವೆ. ಸ್ಪರ್ಧೆಯಿಂದ ಬೆಲೆ ಯಾಕೆ ಇಳಿಯಲ್ಲ?

ಟೊಮೆಟೊ ಕೊಳ್ಳುವಾಗ ನಿಮಗೆ ಹಣ್ಣು ಗೊತ್ತು. ಚಿಕಿತ್ಸೆ ಕೊಳ್ಳುವಾಗ ಏನು ಬೇಕು, ಎಷ್ಟು ಬೇಕು ಎಂದು ಹೇಳುವವರೇ ಮಾರುವವರೂ ಹೌದು. ಕೆನೆತ್ ಆ್ಯರೋ ಎಂಬ ಅರ್ಥಶಾಸ್ತ್ರಜ್ಞ 1963ರಲ್ಲೇ ಆರೋಗ್ಯದ ಮಾರುಕಟ್ಟೆ ಉಳಿದ ಮಾರುಕಟ್ಟೆಗಳ ಹಾಗಲ್ಲ ಎಂದು ತೋರಿಸಿದ್ದಕ್ಕೆ ಈ ಅಸಮ ತಿಳಿವಳಿಕೆಯೇ ಮುಖ್ಯ ಕಾರಣ. ಎದೆನೋವಿನಲ್ಲಿ ಯಾರೂ ಐದು ಕಡೆ ದರ ವಿಚಾರಿಸುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಹೆರಿಗೆ ಶೇ. 14.3, ಖಾಸಗಿಯಲ್ಲಿ ಶೇ. 47.4. ತೊಡಕಿನ ಹೆರಿಗೆಗಳು ಖಾಸಗಿಗೆ ಹೆಚ್ಚು ಹೋಗುತ್ತವೆ ಎಂದುಕೊಂಡರೂ ಇಷ್ಟು ಅಂತರವನ್ನು ಅದೊಂದರಿಂದಲೇ ವಿವರಿಸುವುದು ಕಷ್ಟ. ಪ್ರಾಮಾಣಿಕವಾಗಿ ದುಡಿಯುವ ಎಷ್ಟೋ ವೈದ್ಯರನ್ನು ಬಲ್ಲೆ. ಮಾಡಿದ ಒಂದೊಂದು ಪರೀಕ್ಷೆಗೂ, ಆಪರೇಷನ್ನಿಗೂ ಬೇರೆ ಬೇರೆ ದುಡ್ಡು ಸಿಗುವ ಪದ್ಧತಿ ಅವರನ್ನೂ ಹೆಚ್ಚು ಹೆಚ್ಚು ಮಾಡುವ ಕಡೆಗೇ ತಳ್ಳುತ್ತದೆ.

ನಮ್ಮಂಥ ದೇಶ ಯಾವುದಾದ್ರೂ ಇದನ್ನ ಸರಿಮಾಡಿದೆಯಾ?

ಥಾಯ್ಲೆಂಡ್. 2002ರಲ್ಲಿ, ಒಂದು ಭೇಟಿಗೆ 30 ಬಾತ್ (ಅಲ್ಲಿನ ಹಣ) ಮಾತ್ರ ಕೊಡುವ ‘30 ಬಾತ್’ ಯೋಜನೆ ತಂದಾಗ ಅದು ಶ್ರೀಮಂತ ದೇಶವಾಗಿರಲಿಲ್ಲ. ದುಡ್ಡು ತೆರಿಗೆಯಿಂದ. ಜಿಲ್ಲೆಯ ಆರೋಗ್ಯ ಜಾಲಕ್ಕೆ, ಹೊರರೋಗಿ ಸೇವೆಗೆ, ತಲೆಗೆ ಇಂತಿಷ್ಟು ಎಂದು ಮುಂಚೆಯೇ ಕೊಟ್ಟರು. ಮೊದಲು ಹಳ್ಳಿಯ ಆರೋಗ್ಯ ಕೇಂದ್ರ, ಅಲ್ಲಿಂದ ಬರೆದುಕೊಟ್ಟರೆ ದೊಡ್ಡಾಸ್ಪತ್ರೆ. ಜನ ಕೈಯಿಂದ ಕೊಡುವ ಪಾಲು ಮೂರನೇ ಒಂದರ ಆಸುಪಾಸಿನಿಂದ ಹತ್ತನೇ ಒಂದರ ಆಸುಪಾಸಿಗೆ ಇಳಿಯಿತು. ಅದಕ್ಕೂ ಮುಂಚಿನ ದಶಕಗಳಲ್ಲಿ ಅವರು ಜಿಲ್ಲಾಸ್ಪತ್ರೆ ಕಟ್ಟಿ, ಹಳ್ಳಿಯಲ್ಲಿ ಕೆಲಸ ಮಾಡುವ ವೈದ್ಯರನ್ನು, ನರ್ಸ್‌ಗಳನ್ನು ತಯಾರು ಮಾಡಿದ್ದರು. ಕಾರ್ಡು ಆಮೇಲೆ ಬಂತು.

ದೊಡ್ಡ ಮಾತು ಬೇಡ ಸಾರ್. ನಮ್ಮ ಸಂಘದಿಂದ ಏನು ಮಾಡ್ಬೋದು ಹೇಳಿ.

ನಿಮ್ಮ ಊರಿನಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರು ಎಷ್ಟು ಮಂದಿ ಎಂದು ಮನೆ ಮನೆಗೆ ಹೋಗಿ ಬರೆದುಕೊಳ್ಳಿ. ಆಶಾ ಕಾರ್ಯಕರ್ತೆಯರ ಬಳಿ ಅರ್ಧ ಪಟ್ಟಿ ಆಗಲೇ ಇರುತ್ತದೆ. ಆ ಸಂಖ್ಯೆ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಿಪಿಯ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಷ್ಟು ದಿನಕ್ಕಾಗುವಷ್ಟು ದಾಸ್ತಾನಿದೆ ಎಂದು ಕೇಳಿ. ಕೊರತೆ ಇದ್ದರೆ ಆ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಬರಹದಲ್ಲಿ ಕೊಡಿ. ತಿಂಗಳಿಗೊಮ್ಮೆ ಬಿಡದೆ ಕೇಳಿ. ಅಲ್ಲಿ ಸಿಗದ ಔಷಧಿಗೆ ವೈದ್ಯರಿಂದ ಮೂಲ ಔಷಧಿಯ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬ್ರ್ಯಾಂಡಿನ ಅರ್ಧ ಬೆಲೆಗೂ ಕಡಿಮೆಗೆ ಸಿಗುವುದು ಸಾಮಾನ್ಯ.

ಎರಡನೆಯದು, ಸಾಲದ ಅರ್ಜಿಯಲ್ಲಿ ‘ಚಿಕಿತ್ಸೆ’ ಎಂಬ ಉದ್ದೇಶವನ್ನೂ ಸೇರಿಸಿ, ಅದಕ್ಕೆ ಬೇಸಾಯದಷ್ಟೇ ಬಡ್ಡಿ ಇರಲೆಂದು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ. ಸಣ್ಣ ಮೊತ್ತಕ್ಕಾದರೂ ಸರಿ. ಬಡ್ಡಿಯ ವ್ಯತ್ಯಾಸವನ್ನು ಸಂಘದ ಲಾಭದಿಂದ ತುಂಬಲು ಎಷ್ಟು ಬೇಕೆಂದು ಮೊದಲು ಲೆಕ್ಕ ಹಾಕಿ, ಮಹಾಸಭೆಯ ಮುಂದಿಡಿ. ವರ್ಷದ ಕೊನೆಗೆ ಆ ಕಾಲಂ ಕೂಡಿಸಿದಾಗ ನಿಮ್ಮೂರು ಆಸ್ಪತ್ರೆಗೆ ಎಷ್ಟು ಸಾಲ ಮಾಡಿತು ಎಂಬುದು ಮೊದಲ ಸಲ ಕಾಗದದ ಮೇಲೆ ಬರುತ್ತದೆ. ಆ ಕಾಗದವನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಒಂದು ಪ್ರತಿ ಕಳಿಸಿ.